ಹನ್ನೊಂದು ಮೀನು, ಮೂರಡಿ ಪಾಚಿ

ಕೆಲವರಿಗೆ ಲಾಟರಿ ಹತ್ತುತ್ತದೆ, ಕೆಲವರಿಗೆ ಪ್ರಮೋಶನ್ ಸಿಗುತ್ತದೆ, ನನಗೆ ಮಾತ್ರ ಇಂಥ ಪ್ರಸಂಗಗಳೇ ಗಂಟುಬೀಳುತ್ತವೆ. ಸುಮ್ಮನೆ ನನ್ನ ಪಾಡಿಗೆ ನಾನು ಹೊಂಟಿದ್ದರೂ ಹುಡುಕಿಕೊಂಡು ಬಂದು ಹೆಗಲ ಮೇಲೆ ಕೈ ಹಾಕುತ್ತವೆ. ನಾನೂ ಕಡಿಮೆಯವನಲ್ಲ, ಒಳಗೆ ಕರೆದು, ಕೂಡಿಸಿ, ಚಹಾ ಕೊಟ್ಟೇ ಕಳಿಸುತ್ತೇನೆ.

ಇದು ನಾವು ಹೈದರಾಬಾದಿನ ನಾರಾಯಣಗೂಡದಲ್ಲಿ ಒಂದು ಬಾಡಿಗೆ ಮನೆಯ ಮಹಡಿಯ ಮೇಲೆ ಇದ್ದಾಗಿನ ಮಾತು. ಮನೆಯಲ್ಲಿ ಮೂರೇ ಮಂದಿ: ನಾನು, ನಮ್ಮ ಮನೆಯಾಕಿ, ನಮ್ಮವ್ವ. ನಾನು ಸರಕಾರದ ನೀರಾವರಿ ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಕೃಷ್ಣೆ ಯಾವ ಕಾಲುವೆಗೆ ಎಷ್ಟು ಹರಿಯಬೇಕು, ಗೋದಾವರಿ ಎಲ್ಲಿ ತುಸು ನಿಂತು ಮುಂದೆ ಹೋಗಬೇಕು ಎಂಬ ಕಾಗದಗಳೆಲ್ಲ ನನ್ನ ಮೇಜಿನ ಮೇಲಿಂದಲೇ ಹಾದುಹೋಗಬೇಕು. ನಾನು ರಜೆಯ ಮೇಲಿದ್ದ ದಿನ ಆ ಎರಡು ನದಿಗಳು ಸಮುದ್ರ ಸೇರಿದ್ದನ್ನು ನಾನಂತೂ ಕಂಡಿಲ್ಲ. ಅಂಥ ಮನುಷ್ಯ ಮೂರಡಿ ಗಾಜಿನ ಪೆಟ್ಟಿಗೆಯ ನೀರಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತದ್ದು ಹೇಗೆ ಎಂಬುದನ್ನು ನಾನೇ ಹೇಳಿದರೆ ಚೆಂದ. ಬೇರೆಯವರು ಹೇಳಿದರೆ ಉಪ್ಪುಖಾರ ಹಚ್ಚುತ್ತಾರೆ.

೧. ಕಿಟಕಿಯ ಮೂಲೆ

ಮೊದಲ ತಪ್ಪು ನನ್ನದಲ್ಲ, ನಮ್ಮ ಷಡ್ಡಕರದು. ನಮ್ಮ ಮನೆಯಾಕಿಯ ಅಕ್ಕನ ಗಂಡ ಅವರು. ಬರ್ಕತ್‌ಪುರದಲ್ಲಿ ಮನೆ, ಬ್ಯಾಂಕಿನಲ್ಲಿ ನೌಕರಿ, ತಲೆ ಪೂರಾ ಬೋಳು, ಮಾತು ಅದಕ್ಕಿಂತ ಕಡಿಮೆ. ಅವರ ಹಾಲಿನಲ್ಲಿ ಒಂದು ಅಕ್ವೇರಿಯಂ ಇತ್ತು. ಒಳಗೆ ಹಸಿರು ಗಿಡಗಳು, ಗಿಡಗಳ ನಡುವೆ ಮೀನು, ನೀರು ಮಾತ್ರ ಇದೆಯೋ ಇಲ್ಲವೋ ಎಂಬಷ್ಟು ತಿಳಿ. ಅಲ್ಲಿಗೆ ಹೋದಾಗಲೆಲ್ಲ ನಮ್ಮ ಮನೆಯಾಕಿ ಅದರ ಮುಂದೆ ನಿಂತು, "ಎಷ್ಟು ಛಂದ ಇಟ್ಟಾರ ನೋಡ್ರಿ" ಅನ್ನುತ್ತಿದ್ದಳು. ಮೂರನೇ ಸಲ ಅಂದಾಗ ನನ್ನ ಇಲಾಖೆಯ ಮರ್ಯಾದೆಯ ಪ್ರಶ್ನೆ ಬಂತು.

"ಅಣ್ಣಾರ," ಅಂದೆ, "ನಾ ಇಡೀ ರಾಜ್ಯದ ನೀರು ನೋಡಕೋತೀನಿ. ಮನಸ್ಸು ಮಾಡಿದ್ನಿ ಅಂದ್ರ ನಿಮ್ಮ ತೊಟ್ಟಿ ನನ್ನ ತೊಟ್ಟಿ ಮುಂದ ಕೈ ತೊಳಿಯೋ ಬೋಗಾಣಿ ಹಂಗ ಕಾಣತೈತಿ."

ಅವರು "ಹೂಂ" ಅಂದರು. ಅಷ್ಟೇ. ಆ 'ಹೂಂ' ನನ್ನ ನಿದ್ದೆ ಕೆಡಿಸಿತು.

ಮುಂದಿನ ಐತವಾರವೇ ಮೂರಡಿ ಉದ್ದದ ತೊಟ್ಟಿ, ಬಣ್ಣಬಣ್ಣದ ಹತ್ತು ಮೀನು, ಒಂದು ಚೀಲ ನೀರಿನ ಗಿಡ ಮನೆಗೆ ಬಂದವು. ಇಡುವುದೆಲ್ಲಿ? ನಮ್ಮ ಹಾಲಿಗೆ ಇದ್ದದ್ದು ಒಂದೇ ಕಿಟಕಿ, ಪೂರ್ವದ ಕಡೆಗೆ. ಅದರ ಕೆಳಗಿನ ಮೂಲೆಯಲ್ಲಿ ನಮ್ಮ ಮನೆಯಾಕಿಯ ಹೊಲಿಗೆ ಮಷೀನು ಇತ್ತು. ಅರ್ಧ ಗಲ್ಲಿಯ ಹೆಂಗಸರ ಕುಪ್ಪಸ ಅಲ್ಲೇ ಹುಟ್ಟುತ್ತಿದ್ದವು. ನಾನು ಆ ಮಷೀನನ್ನು ಎತ್ತಿ ಬಚ್ಚಲದ ಮುಂದಿನ ಓಣಿಯಂಥ ಜಾಗದಲ್ಲಿ, ನಲವತ್ತು ಕ್ಯಾಂಡಲ್ಲಿನ ಬಲ್ಬಿನ ಕೆಳಗೆ ಇಟ್ಟು, ಕಿಟಕಿಯ ಮೂಲೆಯನ್ನು ಮೀನುಗಳಿಗೆ ಬರೆದುಕೊಟ್ಟೆ. ಮುಂಜಾನೆಯ ಬಿಸಿಲು ನೀರಿನಲ್ಲಿ ಬಿದ್ದು ಗೋಡೆಯ ಮೇಲೆಲ್ಲ ಕುಣಿಯುತ್ತಿದ್ದರೆ ನಾನು ಚಹಾದ ಕಪ್ಪು ಹಿಡಿದು ನಿಜಾಮನ ಹಾಗೆ ಕೂತಿರುತ್ತಿದ್ದೆ. ಗಿಡಗಳು ಇನ್ನೂ ಲಗೂನ ಬೆಳೆಯಲಿ ಅಂತ ಗುಲಾಬಿ ಕುಂಡಕ್ಕೆ ಹಾಕುವ ಗೊಬ್ಬರವನ್ನೂ ಒಂದು ಚಮಚ ಹಾಕಿದೆ. ಕೈ ಸ್ವಲ್ಪ ದೊಡ್ಡದು ನನ್ನದು, ಎರಡು ಚಮಚ ಬಿದ್ದಿರಬೇಕು.

ಬೆಳೆದವು. ಗಿಡಗಳಲ್ಲ. ಎಂಟು ದಿನಕ್ಕೆ ನೀರು ತೆಳ್ಳಗಿನ ಪಾಲಕ್ ಸಾರಿನ ಹಾಗಾಯಿತು. ಹದಿನೈದು ದಿನಕ್ಕೆ ಗಾಜಿಗೆ ಹಸಿರು ಮಖಮಲ್ಲು ಹೊದಿಸಿದ ಹಾಗೆ ಪಾಚಿ. ಗಿಡದ ಒಂದೊಂದು ಎಲೆಗೂ ಪಾಚಿಯ ಮಫ್ಲರು.

"ಏನ್ರಿ, ಮೀನು ಎಲ್ಲೆ ಅದಾವ?" ಮನೆಯಾಕಿ ಕೇಳಿದಳು.

"ಒಳಗ ಅದಾವ."

"ಕಾಣವೊಲ್ಲವು. ನಂಬೂದು ಹೆಂಗ?"

"ದೇವರೂ ಕಾಣೂದಿಲ್ಲ, ದಿನಾ ಪೂಜಾ ಮಾಡತೀಯಲ್ಲ."

ಆಕೆ ತನ್ನ ಬಲಗೈಯ ತೋರುಬೆರಳು ತೋರಿಸಿದಳು. ಮಬ್ಬಿನಲ್ಲಿ ಹೊಲಿಯುವಾಗ ಸೂಜಿ ಉಗುರಿನೊಳಗೆ ಇಳಿದಿತ್ತು. ಕೆಳಗಿನ ಮನೆಯವರ ಮಗಳ ಲಗ್ನ ತುಳಸಿ ಲಗ್ನ ಮುಗಿದ ಮೇಲೆ ಇತ್ತು, ಮದುಮಗಳ ಕುಪ್ಪಸಗಳೆಲ್ಲ ಈಕೆಯ ಕೈಯಲ್ಲೇ ಆಗಬೇಕೆಂದು ಅವರು ಹಟ ಹಿಡಿದಿದ್ದರು. ಜರಿ ಅಂಚಿಗೆ ಎಳೆ ಹಿಡಿಯಬೇಕಾದರೆ ಹಗಲಿನ ಬೆಳಕು ಬೇಕು, ಹಗಲಿನ ಬೆಳಕನ್ನು ನನ್ನ ಪಾಚಿ ತಿನ್ನುತ್ತಿತ್ತು.

"ದೀಪಾವಳಿತನಕ ಟೈಮ್ ಕೊಡತೀನಿ," ಅಂದಳು. "ಎಣ್ಣಿ ಸ್ನಾನ ಆಗಿ ಆರತಿ ಆದಮ್ಯಾಲ ಅಡಿಗಿಮನಿ ಬಾಗಲದಾಗ ನಿಂತು ಮೀನು ಎಣಸತೀನಿ. ಎಲ್ಲಾ ಕಂಡ್ರ ಮೂಲಿ ನಿಮ್ಮದು. ಒಂದು ಕಡಿಮಿ ಆದ್ರೂ ನನ್ನ ಮಷೀನ್ ಕಿಟಕಿಗೆ ಬರತೈತಿ, ನಿಮ್ಮ ತೊಟ್ಟಿ ಬಚ್ಚಲಕ್ಕ ಹೋಗತೈತಿ. ಅಕ್ಕನ್ನೂ ಮಾಮಾನ್ನೂ ಕರಸ್ತೀನಿ, ಸಾಕ್ಷಿಗೆ."

"ದೀಪಾವಳಿ ಯಾಕ? ಗಣಪತಿ ಬರೋದ್ರಾಗ ಎಣಸು," ಅಂದೆ.

ಗಣಪತಿ ಬಂದ, ಹತ್ತು ದಿನ ಕೂತ, ಹೊರಟ. ಮುಳುಗುವುದಕ್ಕೆ ಹುಸೇನ್ ಸಾಗರಕ್ಕೆ ಹೋಗುವಾಗ ನಮ್ಮ ತೊಟ್ಟಿಯ ಕಡೆ ಒಂದು ಸಲ ನೋಡಿದ್ದರೆ, ಅಲ್ಲಿಯ ನೀರೇ ವಾಸಿ ಅಂದುಕೊಂಡಿರುತ್ತಿದ್ದ.

೨. ಅವ್ವನ ಅವಲಕ್ಕಿ

ಹಳೇ ಶಹರದ ಮೀನಿನಂಗಡಿಯ ಸಾಹೇಬರ ಹತ್ತಿರ ಹೋಗಿ ನನ್ನ ಗೋಳು ಹೇಳಿದೆ. ಅವರು ಪಾನ್ ಅಗಿಯುತ್ತ ಒಂದು ಕರಿ ಮೀನು ಹಿಡಿದು ಪ್ಲಾಸ್ಟಿಕ್ ಚೀಲಕ್ಕೆ ಬಿಟ್ಟರು. ಬಾಯಿ ಕೆಳಗಿತ್ತು, ಮೈಮೇಲೆ ಹುಲಿಯಂಥ ಪಟ್ಟೆ. ಚೀಲಕ್ಕೆ ಬಿಟ್ಟ ಕೂಡಲೇ ಅದು ಒಳಮೈಗೆ ಅಂಟಿಕೊಂಡಿತು.

"ಯೇ ಪೂರಾ ಚಾಟ್ ಕೆ ಸಾಫ್ ಕರ್ದೇತಿ ಸಾಬ್," ಅಂದರು. "ಮಗರ್ ಇಸ್ಕೋ ದೂಸ್ರಾ ಖಾನಾ ನಕ್ಕೋ. ಕುಚ್ ಭೀ ನಕ್ಕೋ."

ಅಂದರೆ, ಎಲ್ಲ ನೆಕ್ಕಿ ಸ್ವಚ್ಛ ಮಾಡುತ್ತದೆ, ಆದರೆ ಪಾಚಿ ಬಿಟ್ಟು ಅದಕ್ಕೆ ಬೇರೇನೂ ತಿನ್ನಲು ಕೊಡಬಾರದು. ಸರಿ. ಈಗ ಮೀನು ಹನ್ನೊಂದಾದವು.

ಮೊದಲ ವಾರ ಅದು ದುಡಿದದ್ದನ್ನು ನೋಡಬೇಕಿತ್ತು. ಮುಂಜಾನೆ ಏಳಕ್ಕೆ ಡ್ಯೂಟಿಗೆ ಹತ್ತಿದರೆ ಸಂಜೆತನಕ ಗಾಜು ನೆಕ್ಕುವುದೇ ನೆಕ್ಕುವುದು. ಅದು ಹೋದ ದಾರಿಯಲ್ಲೆಲ್ಲ ಬೆರಳಗಲದ ಸ್ವಚ್ಛ ಗೆರೆ. ನಾನು ಕಚೇರಿಯಲ್ಲಿ, "ಇಂಥ ನಾಕು ಮಂದಿ ನಮ್ಮ ಸೆಕ್ಷನ್‌ದಾಗ ಇದ್ರ ಒಂದು ಫೈಲೂ ಬಾಕಿ ಉಳಿಯೂದಿಲ್ಲ" ಅಂತ ಹೇಳಿಕೊಂಡು ತಿರುಗಿದೆ.

ಎರಡನೇ ವಾರ ಗೆರೆಗಳು ನಿಂತವು. ಮೂರನೇ ವಾರ ಮೀನು ಒಂದು ಕಲ್ಲಿನ ಕೆಳಗೆ ಹೊಟ್ಟೆ ಬಿಟ್ಟುಕೊಂಡು ಮಲಗಿತ್ತು. ಪಾಚಿ ಮತ್ತೆ ಮೊದಲಿನ ಹಾಗೆ. ಅದಕ್ಕೆ ಜಡ್ಡಾಗಿದೆ ಅಂತ ನಾನು ಗಾಬರಿಯಾದೆ. ಒಂದು ದಿನ ಕಚೇರಿಯಿಂದ ಲಗೂನ ಬಂದು ನೋಡುತ್ತೇನೆ, ನಮ್ಮವ್ವ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತು, ನೆನೆಸಿದ ಅವಲಕ್ಕಿಯನ್ನು ಚಿಟಿಕೆ ಚಿಟಿಕೆಯಾಗಿ ಕಲ್ಲಿನ ಹತ್ತಿರ ಬಿಡುತ್ತಿದ್ದಾಳೆ. ಮೀನು ಅಲ್ಲಿಂದ ಅಲ್ಲಾಡದೆ ಬಾಯಿ ಮಾತ್ರ ತೆರೆಯುತ್ತಿದೆ.

"ಅವ್ವಾ, ಏನ ಮಾಡಾಕತ್ತಿ?"

"ನೀ ಮಾತಾಡಬ್ಯಾಡ," ಅಂದಳು ಅವ್ವ. "ಉಳದ ಮೀನಿಗೆಲ್ಲಾ ಡಬ್ಬಿಯಿಂದ ಕಾಳು ಹಾಕತಿ. ಇದೊಂದ ಏನ್ ಪಾಪ ಮಾಡಿತ್ತು? ಮುಂಜಾನಿಂದ ಗ್ವಾಡಿ ನೆಕ್ಕೊಂಡು ಬದುಕತಿತ್ತು. ನಮ್ಮನ್ಯಾಗ ಇದ್ದು ಉಪವಾಸ ಅಂದ್ರ ಜನಾ ಏನಂದಾರು?"

"ಅವ್ವಾ, ಅದರ ಕೆಲಸಾನ ಅದು."

"ಕೆಲಸ ಮಾಡಸ್ಕೊಂಡ್ರ ಊಟಾ ಹಾಕಬೇಕಪಾ. ನಿಮ್ಮ ಕಚೇರ್ಯಾಗ ಹಂಗಿಲ್ಲೇನು?"

ಕಚೇರಿಯಲ್ಲಿ ಉಲ್ಟಾ, ಊಟ ಮಾತ್ರ ಐತಿ ಅಂತ ಹೇಳುವುದಕ್ಕೆ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅಂದಿನಿಂದ ಅವ್ವನ ಕೈಯ ಅವಲಕ್ಕಿಗೆ ಅದು ಎಷ್ಟು ಒಗ್ಗಿತೆಂದರೆ, ಒಗ್ಗರಣೆಯ ವಾಸನೆ ಬಂದರೆ ಅಡಿಗೆಮನೆಯ ಕಡೆಯ ಗಾಜಿಗೆ ಬಂದು ಅಂಟಿಕೊಳ್ಳುತ್ತಿತ್ತು. ಪಾಚಿ ತಿನ್ನಲಿ ಅಂತ ತಂದವನು ನಾನು, ಈಗ ತಿಂಡಿಗೆ ನನ್ನ ಸರತಿ ಅದರ ನಂತರ.

೩. ಕೆರೆ ಎಷ್ಟು ದೊಡ್ಡದು?

ನಮ್ಮ ಕಚೇರಿಯ ಒಬ್ಬ ಎಂಜಿನಿಯರು ಮೈಲುತುತ್ತದ ಮಾತು ಎತ್ತಿದರು. ಕಾಲುವೆಯಲ್ಲಿ ಪಾಚಿ ಹೆಚ್ಚಾದರೆ ಅದನ್ನೇ ಹಾಕಿಸುತ್ತಾರಂತೆ. "ನಿಮ್ಮ ತೊಟ್ಟಿಗೆ ಸಾಸಿವೆ ಕಾಳಿನಷ್ಟೂ ಹೆಚ್ಚೇ, ಅದನ್ನೂ ತಿಳಿದವರನ್ನು ಕೇಳಿ ಹಾಕಿ" ಅಂತ ಎರಡು ಸಲ ಹೇಳಿದರು. ನಾನು ಮೊದಲಿನ ಭಾಗ ಕೇಳಿಸಿಕೊಂಡು ಬೇಗಂ ಬಜಾರಿಗೆ ಹೊರಟೆ.

ಅಲ್ಲಿಯ ಅಂಗಡಿ ನಿಮಗೆ ಗೊತ್ತಲ್ಲ, ಮೂಟೆಯ ಹಿಂದೆ ಮೂಟೆ, ಮೂಟೆಯ ಮೇಲೆ ಸೇಠ್‌ಜಿ. ಸಾಸಿವೆ ಕಾಳಿನಷ್ಟು ಮೈಲುತುತ್ತ ಕೊಡಿ ಅಂತ ಅಂಥವರ ಮುಂದೆ ಕೇಳುವುದು ಹೇಗೆ? ಹಿಂದೆ ನಿಂತ ಗಿರಾಕಿಗಳೆಲ್ಲ ಚೀಲಗಟ್ಟಲೆ ಒಯ್ಯುವವರು. ನಾನು ಗಂಟಲು ಸರಿಮಾಡಿಕೊಂಡು, "ಪಾಚಿ ತೆಗೀಬೇಕು, ಮೈಲುತುತ್ತ ಬೇಕು. ನಾನು ಇರಿಗೇಶನ್ ಡಿಪಾರ್ಟ್‌ಮೆಂಟ್" ಅಂತ ಹಿಂದಿಯಲ್ಲಿ ಹೇಳಿದೆ. ಕೊನೆಯ ಮಾತು ಹೇಳುವ ಜರೂರು ಇರಲಿಲ್ಲ.

ಸೇಠ್‌ಜಿ ಎದ್ದು ಕೂತರು. "ಕಿತ್ನಾ ಬಡಾ ತಾಲಾಬ್ ಹೈ ಸಾಬ್?" ಕೆರೆ ಎಷ್ಟು ದೊಡ್ಡದು ಅಂತ.

ಮೂರಡಿ ಅನ್ನುವುದಕ್ಕೆ ನಾಲಿಗೆ ಏಳಲಿಲ್ಲ. "ಬಡಾ ಹೈ," ಅಂದೆ.

"ಮೀರ್ ಆಲಂ ಇತ್ನಾ?" ಮೀರ್ ಆಲಂ ಕೆರೆಯಷ್ಟೇ ಅಂತ.

"ಅದಕ್ಕಿಂತ ತುಸು ಸಣ್ಣದು," ಅಂದೆ. ಸುಳ್ಳೇನಲ್ಲ.

ಮೈಲುತುತ್ತದ ಹತ್ತು ಕಿಲೋದ ಚೀಲ ರಿಕ್ಷಾದಲ್ಲಿ ನನ್ನ ಮಗ್ಗುಲಲ್ಲಿ ಕೂತು ಮನೆಗೆ ಬಂತು. ಮರುದಿನ ಎಂಜಿನಿಯರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅದನ್ನ ತೊಟ್ಟಿಗೆ ಹಾಕಿದ್ರೆ ಪಾಚಿ ಹೋಗುತ್ತೆ ಸಾರ್. ಮೀನೂ ಹೋಗುತ್ತೆ. ಆ ನೀರು ಮೋರಿಗೆ ಬಿಟ್ರೆ ಮೂಸಿ ನದಿವರೆಗೂ ಯಾವ ಕಪ್ಪೆನೂ ಉಳಿಯಲ್ಲ." ಅವರು ಬಳ್ಳಾರಿ ಕಡೆಯವರು, ಶುದ್ಧ ಮಾತು. ನನ್ನ ಬೆವರೂ ಶುದ್ಧವಾಗಿ ಹರಿಯಿತು.

ಚೀಲ ಅಟ್ಟ ಸೇರಿತು. ಕೊನೆಗೆ ಅದಕ್ಕೊಂದು ಗತಿ ಕಾಣಿಸಿದವರು ನಮ್ಮ ಗಲ್ಲಿಯಲ್ಲಿ ಕೋಚಿಂಗ್ ಕ್ಲಾಸುಗಳ ಪೋಸ್ಟರ್ ಅಂಟಿಸುವ ಮಂದಿ. ಮೈದಾ ಹಿಟ್ಟಿನ ಅಂಟಿಗೆ ಮೈಲುತುತ್ತ ಬೆರೆಸಿದರೆ ಹುಳ ಹತ್ತುವುದಿಲ್ಲವಂತೆ. ಇಡೀ ಚೀಲ ಅವರ ಕೈಗೆ ಒಪ್ಪಿಸಿದೆ. ಹೀಗಾಗಿ ಆ ವರ್ಷ ನಾರಾಯಣಗೂಡದ ಗೋಡೆಗಳ ಮೇಲೆ ರ್‍ಯಾಂಕ್ ಬಂದ ಹುಡುಗರು ಅಷ್ಟು ಗಟ್ಟಿಯಾಗಿ ನಿಂತಿದ್ದರಲ್ಲ, ಅವರ ಮಾಸ್ತರರು ಏನೇ ಹೇಳಲಿ, ಅದರಲ್ಲಿ ನನ್ನ ಪರಿಶ್ರಮ ಬಹಳ ಇದೆ.

೪. ಒಂಬತ್ತು ದಿನದ ದೀಪ

ನವರಾತ್ರಿ ಹತ್ತಿರ ಬರುವ ಹೊತ್ತಿಗೆ ನಾನು ನಿಜವಾಗಿಯೂ ತುಸು ದಾರಿಗೆ ಬಂದಿದ್ದೆ. ಅಂಗಡಿಯ ಸಾಹೇಬರು ಬಯ್ದು ಬುದ್ಧಿ ಹೇಳಿದ್ದರು: ಗೊಬ್ಬರ ಬಂದ್, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲು, ತೊಟ್ಟಿಯ ಮೇಲಿನ ಟ್ಯೂಬ್‌ಲೈಟು ದಿನಕ್ಕೆ ನಾಕೈದು ತಾಸು ಮಾತ್ರ. ಹಾಗೇ ಮಾಡಿದೆ. ಕಿಟಕಿಯ ಬಿಸಿಲು ಇದ್ದೇ ಇತ್ತು, ಆದರೂ ಅಡಿಗೆಮನೆಯ ಬಾಗಿಲಿಂದ ಎಂಟು ಮೀನು ಎಣಿಸಬಹುದಿತ್ತು. ಮನೆಯಾಕಿ ಎರಡು ಸಲ ಎಣಿಸಿ, ಓಣಿಯ ಮಷೀನಿಗೆ ಹೋಗಿ ಕೂತಳು. ಆಕೆಯ ಮುಖ ಸಣ್ಣದಾದದ್ದು ನೋಡಿ ನನಗೆ ಒಂದು ಗಳಿಗೆ ಕೆಟ್ಟ ಅನ್ನಿಸಿತು. ಒಂದೇ ಗಳಿಗೆ.

ಅಷ್ಟರಲ್ಲಿ ಕಚೇರಿಯವರು ಹತ್ತು ದಿನ ಕ್ಯಾಂಪು ಹಾಕಿದರು, ಅಣೆಕಟ್ಟಿನ ಕಡೆಗೆ. ಹೋಗುವಾಗ ಅವ್ವನಿಗೆ ಹೇಳಿದೆ: "ಸಂಜಿ ಆರಕ್ಕ ಲೈಟ್ ಹಚ್ಚು, ಹತ್ತಕ್ಕ ಆರಸು. ಮರೀಬ್ಯಾಡ."

"ಮರ್‍ಯಾಕ ನಾ ಏನ್ ಮುದುಕ್ಯಾಗೀನೇನು," ಅಂದಳು ಎಪ್ಪತ್ತರ ಅವ್ವ.

ದಸರೆಯ ಮುಂಜಾನೆ ವಾಪಸು ಬಂದೆ. ಬಾಗಿಲು ತೆರೆದರೆ ಹಾಲೆಲ್ಲ ಹಸಿರು ಬೆಳಕು. ಅವ್ವ ಘಟ ಕೂಡಿಸಿದ್ದಳು, ಎಲ್ಲಿ ಅಂದರೆ ನನ್ನ ತೊಟ್ಟಿಯ ಮಗ್ಗುಲಿಗೆ. ಪೂರ್ವದಿಕ್ಕು, ಕಿಟಕಿ, ಜಾಗ ಚೊಲೋ ಇತ್ತಲ್ಲ. ಕರಿಮಣ್ಣಿನಲ್ಲಿ ಹಾಕಿದ ಕಾಳು ಮೊಳೆತು ಗೇಣುದ್ದ ಸಸಿಯಾಗಿದ್ದವು. ಪಕ್ಕದಲ್ಲಿ ನನ್ನ ತೊಟ್ಟಿ. ಅದರಲ್ಲಿ ನೀರೂ ಇಲ್ಲ, ಗಿಡವೂ ಇಲ್ಲ, ಮೀನೂ ಇಲ್ಲ, ಮೇಲಿಂದ ಕೆಳಗಿನತನಕ ಒಂದೇ ಹಸಿರು. ಗಾಜಿನ ಮೇಲೆ ಅರಿಷಿಣ ಕುಂಕುಮದ ಬೊಟ್ಟು. ಟ್ಯೂಬ್‌ಲೈಟು ಧಗಧಗ ಉರಿಯುತ್ತಿತ್ತು.

"ಅವ್ವಾ, ಲೈಟ್ ಆರಸಲಿಲ್ಲೇನು?"

"ಎಂಥಾ ಮಾತಾಡತಿ," ಅಂದಳು. "ಘಟದ ಮುಂದಿನ ದೀಪ ಒಂಬತ್ತು ದಿನಾ ಆರಸ್ತಾರೇನು? ಎಣ್ಣಿ ದೀಪ ಈ ಕಡೆ, ನಿನ್ನ ದೀಪ ಆ ಕಡೆ. ಎರಡನ್ನೂ ಕಾದೀನಿ. ನಡುವ ಒಂದಿನ ಕರೆಂಟ್ ಹೋಗಿತ್ತು, ಜೀವ ಹೋದಂಗಾತು ನನಗ."

ಒಂಬತ್ತು ದಿನ, ಒಂಬತ್ತು ರಾತ್ರಿ. ಪಾಚಿಗೆ ಅದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ.

ಕೆಳಗಿನ ಮನೆಯ ತೆಲುಗು ಅಮ್ಮ ಕುಂಕುಮಕ್ಕೆ ಬಂದವರು ತೊಟ್ಟಿಗೆ ಕೈ ಮುಗಿದು, "ಎಂತ ಪಚ್ಚಗಾ ಉಂದಂಡಿ, ಅಮ್ಮವಾರಿ ದಯ," ಅಂದರು. ಎಷ್ಟು ಹಸಿರಾಗಿದೆ, ದೇವಿಯ ದಯೆ ಅಂತ. ಮನೆಯಾಕಿ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿದಳು. ಆಕೆಯ ಮುಖ ಮತ್ತೆ ದೊಡ್ಡದಾಗಿತ್ತು.

ಘಟದ ಸಸಿಯನ್ನು ಪ್ರಸಾದವಾಗಿ ಕಿವಿಗೆ ಸಿಕ್ಕಿಸಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಅವ್ವ ಘಟದ್ದು ಒಂದು ಕಿವಿಗೆ ಸಿಕ್ಕಿಸಿ, "ಇದೂ ದೇವಿ ಮುಂದ ಬೆಳದದ್ದ" ಅಂತ ತೊಟ್ಟಿಯಿಂದ ಒಂದೆಳೆ ಎಳೆದು ಇನ್ನೊಂದು ಕಿವಿಗೆ ಸಿಕ್ಕಿಸಿದಳು. ಹಬ್ಬದ ದಿನ ಅವ್ವನಿಗೆ ಎದುರಾಡುವುದು ಹೇಗೆ? ಹಾಗೇ ಬನ್ನಿ ಹಿಡಿದುಕೊಂಡು ನಮ್ಮ ದೊಡ್ಡ ಸಾಹೇಬರ ಮನೆಗೆ ಹೋದೆ. ಅವರು ತೆಲುಗಿನಲ್ಲಿ ಜಮ್ಮಿ ಎಲೆ ಅನ್ನುವ ಆ ಬನ್ನಿಯನ್ನು ಕಣ್ಣಿಗೊತ್ತಿಕೊಂಡು ನನ್ನನ್ನು ಅಪ್ಪಿಕೊಂಡವರು ತಟ್ಟನೆ ಬಿಟ್ಟರು. ಮೂಗು ಒರೆಸಿಕೊಂಡು ಬಹಳ ವಿನಯದಿಂದ ಕೇಳಿದರು:

"ಚೇಪಲ ಮಾರ್ಕೆಟ್ ನುಂಚಿ ಡೈರೆಕ್ಟ್‌ಗಾ ವಚ್ಚಾರಾ?"

ಹಬ್ಬದ ದಿನ ಮೀನು ಮಾರ್ಕೆಟ್ಟಿನಿಂದ ನೇರ ಸಾಹೇಬರ ಮನೆಗೆ ಹೋದ ಶಾಕಾಹಾರಿ ಅಂತ ಕಚೇರಿಯಲ್ಲಿ ನನ್ನ ಹೆಸರು ಇವತ್ತಿಗೂ ಉಳಿದಿದೆ.

೫. ಕತ್ತಲೆ

ದೀಪಾವಳಿಗೆ ಉಳಿದದ್ದು ಇಪ್ಪತ್ತು ದಿನ. ಅಂಗಡಿಯ ಸಾಹೇಬರು ಕೊನೆಯ ಮದ್ದು ಹೇಳಿದರು: ನಾಲ್ಕು ದಿನ ತೊಟ್ಟಿಗೆ ಪೂರಾ ಕತ್ತಲೆ. ಒಂದು ಕಿರಣ ಬೆಳಕೂ ಬೀಳಬಾರದು. ಪಾಚಿ ಉಪವಾಸ ಸಾಯುತ್ತದೆ, ಮೀನಿಗೆ ಏನೂ ಆಗುವುದಿಲ್ಲ.

ಸುಲ್ತಾನ್ ಬಜಾರಿಗೆ ಹೋಗಿ ಕೊಡೆಗೆ ಹಾಕುವ ಕರಿ ಬಟ್ಟೆ ತಂದು, ಮೂರು ಸುತ್ತು ಸುತ್ತಿ, ಹಗ್ಗ ಬಿಗಿದೆ. ನಾಲ್ಕು ದಿನ ಬಿಟ್ಟು ಬಿಚ್ಚಿದರೆ ಪಾಚಿ ಸ್ವಲ್ಪವೇ ಬಾಡಿತ್ತು. ಐದು ಮೀನು ಕಂಡವು. ಸಾಹೇಬರ ಹತ್ತಿರ ಹೋಗಿ ಜೋರು ಮಾಡಿದೆ.

"ಪೂರಾ ಅಂಧೇರಾ ಥಾ ಕ್ಯಾ?" ಪೂರಾ ಕತ್ತಲೆ ಇತ್ತೇ ಅಂತ ಅವರು ಕೇಳಿದರು.

"ಪೂರಾ," ಅಂದೆ. "ನಾನೇ ಗ್ಯಾರಂಟಿ. ತಾಸಿಗೊಮ್ಮೆ ಬಟ್ಟೆ ಎತ್ತಿ, ಟಾರ್ಚ್ ಹಾಕಿ ನೋಡೀನಿ. ಒಳಗೆ ಎಲ್ಲೂ ಬೆಳಕು ಇರಲಿಲ್ಲ."

ಸಾಹೇಬರು ಪಾನ್ ಅಗಿಯುವುದು ನಿಲ್ಲಿಸಿದರು. ಆಮೇಲೆ ಎದ್ದು ಒಳಗೆ ಹೋದರು. ನಾನು ಅಂಗಡಿಯಿಂದ ಹೊರಬೀಳುವತನಕ ಅವರು ಹೊರಗೆ ಬರಲಿಲ್ಲ.

೬. ನೀರು ತುಂಬುವ ಹಬ್ಬ

ದೀಪಾವಳಿಯ ಎಣ್ಣೆ ಸ್ನಾನದ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ನೀರು ಹಿಡಿಯುವ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸ ನೀರು ತುಂಬಿ, ಪೂಜೆ ಮಾಡುತ್ತಾರೆ. ಬಚ್ಚಲದ ತಾಮ್ರದ ಹಂಡೆಗೆ ಅವತ್ತು ಮದುಮಗನ ವೈಭವ: ಮೈಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ, ಕೊರಳಿಗೆ ಬಳ್ಳಿ. ಮನೆಗೆ ಗೀಸರು ಬಂದು ಮೂರು ವರ್ಷವಾಗಿದ್ದರೂ ಅವ್ವ ಆ ಹಂಡೆಯನ್ನು ಬಿಟ್ಟಿರಲಿಲ್ಲ. ಅದರಲ್ಲಿ ತಣ್ಣೀರು ತುಂಬಿ ಪೂಜೆ ಮಾಡುವುದು, ಮರುದಿನ ಮುಂಜಾನೆ ಗೀಸರಿನ ಬಿಸಿನೀರಿಗೆ ಆ ನೀರು ಬೆರೆಸಿ ಸ್ನಾನ.

ಅಕ್ಕ, ಷಡ್ಡಕರು ಮಧ್ಯಾಹ್ನವೇ ಬಂದಿದ್ದರು. ಸಾಕ್ಷಿ ಹೇಳಲು ಬಂದವರು ಬಟ್ಟೆಯ ಚೀಲದ ಜೊತೆಗೇ ಬಂದಿದ್ದರು. ಷಡ್ಡಕರು ತೊಟ್ಟಿಯ ಮುಂದೆ ಒಂದು ನಿಮಿಷ ನಿಂತು "ಹೂಂ" ಅಂದರು. ನನಗೆ ಊಟ ಸೇರಲಿಲ್ಲ.

ಆಗ ಹೊಳೆಯಿತು ನನಗೆ. ಮನೆಯ ನೀರಿನ ಪಾತ್ರೆಗಳೆಲ್ಲ ತಿಕ್ಕಿಸಿಕೊಂಡು ಹೊಸ ನೀರು ತುಂಬಿಸಿಕೊಳ್ಳುವ ದಿನ ನನ್ನ ತೊಟ್ಟಿ ಒಂದೇ ಯಾಕೆ ಹೊಲಸಿನಲ್ಲಿ ಕೂಡಬೇಕು? ಅಕ್ಕತಂಗಿಯರು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದರು, ಅವ್ವ ದೇವರ ಮುಂದಿದ್ದಳು, ಷಡ್ಡಕರು ಪೇಪರಿನ ಹಿಂದಿದ್ದರು. ತೊಟ್ಟಿ ಖಾಲಿ ಮಾಡಿ, ಗಾಜು ಉಜ್ಜಿ, ಗಿಡಗಳನ್ನು ಎಲೆ ಎಲೆ ಒರೆಸಿ ಮತ್ತೆ ನೆಟ್ಟು, ನಳದ ನೀರು ತುಂಬಿದೆ. ಹೊಳೆಯುತ್ತಿತ್ತು. ಒಂದೇ ತೊಡಕು. ನಳದ ನೀರಿನಲ್ಲಿ ಔಷಧದ ವಾಸನೆ ಇರುತ್ತದೆ, ಒಂದು ರಾತ್ರಿ ನಿಲ್ಲಿಸದೆ ಅದಕ್ಕೆ ಮೀನು ಬಿಡುವ ಹಾಗಿಲ್ಲ. ಅಲ್ಲಿತನಕ ಹನ್ನೊಂದು ಮೀನು ಎಲ್ಲಿರಬೇಕು?

ಹಂಡೆಯಲ್ಲಿ. ಅದಕ್ಕೆ ತುಂಬಿದ್ದು ಎರಡು ದಿನದ ಹಿಂದೆ ಕೊಡಗಳಲ್ಲಿ ಹಿಡಿದಿಟ್ಟ ನೀರು, ವಾಸನೆ ಹೋಗಿತ್ತು. ಪೂಜೆಯಾದ ಹಂಡೆಯನ್ನು ಬೆಳಗಾಗುವತನಕ ಯಾರೂ ಮುಟ್ಟುವುದಿಲ್ಲ. ಇಂಥ ಭದ್ರವಾದ ಜಾಗ ಇಡೀ ಹೈದರಾಬಾದಿನಲ್ಲಿ ಇನ್ನೊಂದಿಲ್ಲ ಅಂತ ನನ್ನ ಬುದ್ಧಿಗೆ ನಾನೇ ಶಾಭಾಸ್ ಹೇಳಿ, ಹನ್ನೊಂದನ್ನೂ ಹಂಡೆಗೆ ಬಿಟ್ಟು ಮುಚ್ಚಳ ಮುಚ್ಚಿದೆ. ಎಲ್ಲರಿಗಿಂತ ಮೊದಲು ಎದ್ದು ಅವನ್ನು ತೊಟ್ಟಿಗೆ ಹಾಕುವುದು, ಆರತಿ ಮಾಡಿಸಿಕೊಳ್ಳುವುದು, ಎಣಿಸು ಅನ್ನುವುದು. ಗಡಿಯಾರದ ಅಲಾರಂ ಇಡಲಿಲ್ಲ. ನಾನೇ ಒಂದು ಅಲಾರಂ ಇದ್ದ ಹಾಗೆ.

ಆ ಅಲಾರಂ ಬಡಿಯಲಿಲ್ಲ. ಕಣ್ಣು ಬಿಟ್ಟಾಗ ಮನೆಯೆಲ್ಲ ಎಣ್ಣೆಯ ವಾಸನೆ, ಅಡಿಗೆಮನೆಯಲ್ಲಿ ಆರತಿಯ ತಾಟಿನ ಸಪ್ಪಳ. ಹಾಸಿಗೆಯಲ್ಲಿ ಷಡ್ಡಕರು ಇಲ್ಲ.

"ಅಣ್ಣಾರು ಎಲ್ಲೆ?" ಅಂತ ಅವ್ವನನ್ನು ಕೇಳಿದೆ.

"ಬಂದ ಬೀಗರಿಗೆ ಮೊದಲ ನೀರು ಹಾಕಬೇಕಲ್ಲಪಾ. ಬಚ್ಚಲಕ್ಕ ಹೋಗ್ಯಾರ."

ನಾನು ಓಡಿದೆ. ಬಚ್ಚಲದ ಬಾಗಿಲು ಒಳಗಿಂದ ಚಿಲಕ. ಒಳಗೆ ಅವರು ತಲೆಗೆ ಸೀಗೆಕಾಯಿ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿರಬೇಕು, ತಡಕಾಡಿ ಹಂಡೆಯ ಮುಚ್ಚಳ ತೆಗೆದ ಸಪ್ಪಳ ಕೇಳಿಸಿತು. ತಂಬಿಗೆ ಮುಳುಗಿದ ಸಪ್ಪಳ. ನೀರು ಸುರಿದ ಸಪ್ಪಳ. ಆಮೇಲೆ ಯಾವ ಸಪ್ಪಳವೂ ಇಲ್ಲ.

"ಅಣ್ಣಾರ," ಅಂದೆ ಬಾಗಿಲಿಗೆ ಬಾಯಿ ಹಚ್ಚಿ, "ಎಲ್ಲಾ ಆರಾಮ ಐತೇನ್ರಿ?"

ಒಳಗಿಂದ ಬ್ಯಾಂಕಿನವರ ನಿಧಾನದ ದನಿ ಬಂತು. "ತಮ್ಮಾ, ನಿಮ್ಮ ಹಂಡೇದಾಗ ಯಾರೋ ಅದಾರ."

ಚಿಲಕ ತೆಗೆದರು. ಟವೆಲ್ಲು ಸುತ್ತಿಕೊಂಡು ನೆಟ್ಟಗೆ ನಿಂತಿದ್ದರು, ಕಣ್ಣು ಇನ್ನೂ ಮುಚ್ಚಿಯೇ ಇತ್ತು. ಸೀಗೆಕಾಯಿ ತೊಳೆದುಹೋಗಿ ಮಿರಿಮಿರಿ ಮಿಂಚುವ ಆ ಬೋಳುತಲೆಯ ನಟ್ಟನಡುವೆ ನನ್ನ ಕರಿ ಮೀನು ಪೇಟದ ಹಾಗೆ ಅಂಟಿಕೊಂಡು ಕೂತಿತ್ತು. ಜೀವಮಾನದಲ್ಲಿ ಅದು ಅಷ್ಟು ಸ್ವಚ್ಛ ಮೇಲ್ಮೈ ಕಂಡಿರಲಿಲ್ಲ. ನಾನು ಎರಡೂ ಕೈಯಿಂದ ಬಿಡಿಸಿ ತಂಬಿಗೆಯ ನೀರಿಗೆ ಹಾಕಿದೆ. ಬಿಡುವಾಗ 'ಪಚಕ್' ಅಂತು.

ಅಷ್ಟರಲ್ಲಿ ಆರತಿಯ ತಾಟು ಹಿಡಿದು ಅಕ್ಕತಂಗಿಯರು, ಅವರ ಹಿಂದೆ ಅವ್ವ, ಓಣಿಯಲ್ಲಿ ಸಾಲಾಗಿ ನಿಂತಿದ್ದರು. ಅವ್ವ ಹಂಡೆಯೊಳಗೆ ಬಗ್ಗಿ ನೋಡಿ, ಕೈ ಮುಗಿದು, "ಗಂಗಿ ಪೂಜಿ ಮಾಡಿ ಅರವತ್ತು ವರ್ಷ ಆತು, ಇವತ್ತು ಫಲಾ ಕೊಟ್ಟಾಳ ನೋಡು" ಅಂದಳು.

ಮನೆಯಾಕಿ ಮಾತ್ರ ಕೆಲಸಕ್ಕೆ ಇಳಿದಳು. ಮೊದಲು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ನೀರು ತಿಳಿ ಐತಿ," ಅಂದಳು.

"ಐತಿ," ಅಂದೆ ನಾನು, ಎದೆ ಉಬ್ಬಿಸಿ.

"ಗಿಡಾ ಕಾಣಾಕತ್ತಾವ."

"ಕಾಣಬೇಕ."

"ಮೀನು ಒಂದೂ ಇಲ್ಲ."

ವಾಪಸು ಬಚ್ಚಲಕ್ಕೆ ಬಂದು ಹಂಡೆಯಲ್ಲಿ ಬೆರಳಿಟ್ಟು ಎಣಿಸಿದಳು. ಹತ್ತು. ನನ್ನ ಕೈಯ ತಂಬಿಗೆಯಲ್ಲಿ ಒಂದು. "ಹನ್ನೊಂದೂ ಅದಾವ," ಅಂದಳು. "ಮೋಸ ಹೇಳೂದಿಲ್ಲ ನಾ. ಎಲ್ಲಾ ಸರಿಯಾಗಿ ಕಂಡಾವ. ಆದ್ರ ಬಚ್ಚಲದಾಗ ಕಂಡಾವ. ಎಲ್ಲೆ ಕಂಡಾವೋ ಅಲ್ಲೇ ನಿಮ್ಮ ಮೂಲಿ." ಅಕ್ಕನ ಕಡೆ ನೋಡಿದಳು. ಅಕ್ಕ ಹೌದು ಅಂದಳು. ಷಡ್ಡಕರ ಕಡೆ ನೋಡಿದಳು. ಅವರು ತಲೆ ಒರೆಸಿಕೊಳ್ಳುತ್ತ "ಹೂಂ" ಅಂದರು.

ಅವತ್ತೇ ಷಡ್ಡಕರೂ ನಾನೂ ಕೂಡಿ ತೊಟ್ಟಿಯನ್ನು ಬಚ್ಚಲದ ಮುಂದಿನ ಓಣಿಗೆ ಹೊತ್ತೆವು, ಮಷೀನನ್ನು ಕಿಟಕಿಗೆ ತಂದೆವು. ಹೊರುವಾಗ ತಡೆಯಲಾರದೆ ಕೇಳಿದೆ: "ಅಣ್ಣಾರ, ನಿಮ್ಮ ತೊಟ್ಟಿ ಅಷ್ಟು ತಿಳಿ ಹೆಂಗ ಇರತೈತ್ರಿ?"

"ನಮ್ಮ ಹಾಲಿಗೆ ಕಿಟಕೀನ ಇಲ್ಲಪಾ. ಬಿಸಲು ಬೀಳೂದಿಲ್ಲ."

"ಮೊದಲ ಹೇಳಬಾರದೇನ್ರಿ?"

"ಯಾವಾಗ ಹೇಳಲಿ?" ಅಂದರು ಅವರು. "ನೀ ಮಾತಾಡಾಕತ್ತಿದ್ದಿ."

ಪಾಡ್ಯದ ಮುಂಜಾನೆ ಕಿಟಕಿಯ ಬಿಸಿಲಿನಲ್ಲಿ ಮಷೀನು ಸದ್ದು ಮಾಡಿತು. ಮದುಮಗಳ ಕುಪ್ಪಸ ಶುರುವಾಯಿತು ಅಂದುಕೊಂಡೆ. ತಾಸಿನ ಮೇಲೆ ಮನೆಯಾಕಿ ದಪ್ಪ ಬಟ್ಟೆಯ ಒಂದು ಪರದೆ ಹೊಲಿದು ತಂದು, ಓಣಿಯಲ್ಲಿ ನನ್ನ ತೊಟ್ಟಿಯ ಮುಂದೆ ಮೇಲಿಂದ ಕೆಳಗಿನತನಕ ಇಳಿಬಿಟ್ಟಳು.

"ಇದ್ಯಾಕ?" ಅಂದೆ.

"ಬಚ್ಚಲಕ್ಕ ಹೋಗಾವ್ರು ಲೈಟ್ ಹಚ್ಚತಾರಲ್ಲ, ಪಾಚಿ ಬೆಳೀಬಾರದು," ಅಂದಳು. ಪರದೆಯ ನೆರಿಗೆ ಸರಿಮಾಡಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. "ಇನ್ನ ಬಂದವರ ಮುಂದ ನಿಮ್ಮ ತೊಟ್ಟಿ ಬಗ್ಗೆ ಏನ ಬೇಕಾದ್ದು ಹೇಳ್ರಿ. ಸುಳ್ಳು ಅನ್ನಾಕ ಯಾರಿಗೂ ಏನೂ ಕಾಣೂದಿಲ್ಲ."